ತೆಗೆದ ಜಾಗದಲ್ಲೇ ಇಡಿ

ರಹೀಮಾಳ ಕಾದಂಬರಿ ನನಗೆ ಸಿಕ್ಕಿದ್ದು ಸಕ್ಕರೆ ಕಾಯಿಲೆಗೂ ಮೂಲವ್ಯಾಧಿಗೂ ನಡುವೆ. ಆವತ್ತು ಹತ್ತಿದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ನನಗಿಲ್ಲ.

ರಾಮನಗರದ ಬಸ್ ಸ್ಟ್ಯಾಂಡಿನ ಹತ್ತಿರದ ಪುಸ್ತಕದ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಹೆಸರು ಶಿವಲಕ್ಷ್ಮಿ, ಊರು ಕೈಲಾಂಚದ ಕಡೆ. ಬಂದ ಪುಸ್ತಕದ ಕಟ್ಟು ಬಿಚ್ಚುವುದು, ಜೋಡಿಸುವುದು, ಧೂಳು ಹೊಡೆಯುವುದು, ಕೇಳಿದವರಿಗೆ ತೆಗೆದುಕೊಡುವುದು, ಸಂಜೆ ಕಸ ಗುಡಿಸುವುದು, ಎಲ್ಲ ನಾನೇ. ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಲೆಕ್ಕದಲ್ಲಿ ಡುಮ್ಕಿ. ಆದರೆ ಅಂಗಡಿಯ ಕಾದಂಬರಿ ಕಪಾಟನ್ನು ಅಕಾರದಿಂದ ಹಕಾರದವರೆಗೆ ಎರಡು ಸಲ ಓದಿ ಮುಗಿಸಿದ್ದೇನೆ. ಈ ಊರಲ್ಲಿ ಹಾಗೆ ಹೇಳಿಕೊಳ್ಳುವವರು ಇನ್ನೊಬ್ಬರಿದ್ದರೆ ಬಂದು ಮಾತಾಡಲಿ.

ಇನ್ನೊಬ್ಬಳು ಇದ್ದಾಳೆ, ರಹೀಮಾ. ನಮ್ಮ ಮನೆಯ ರೇಷ್ಮೆ ಗೂಡನ್ನು ಎಷ್ಟೋ ಸಲ ಮಾರ್ಕೆಟ್ಟಿನ ಹರಾಜಿನಲ್ಲಿ ಹಿಡಿದ ಹುಸೇನ್ ಭಾಯಿಯ ಮಗಳು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಡಿಸಿ ಅಪ್ಪ ಅವಳನ್ನು ನೂಲು ತೆಗೆಯುವ ಬೇಸಿನ್ ಮುಂದೆ ಕೂರಿಸಿದರು. ಹದಿನಾರು ವರ್ಷದ ಹುಡುಗಿ ಒಂದು ಶುಕ್ರವಾರ ಅಂಗಡಿಗೆ ಬಂದಳು. ಬಿಸಿನೀರಿನಲ್ಲಿ ನೆನೆದು ಬಿಳಿಚಿಕೊಂಡ ಕೈಯನ್ನು ದುಪಟ್ಟಾಕ್ಕೆ ಒರೆಸಿ, ಇನ್ನೊಮ್ಮೆ ಒರೆಸಿ, ಆಮೇಲೆ ಪುಸ್ತಕ ಮುಟ್ಟಿದಳು. ಒಂದು ಕಾದಂಬರಿ ತೆಗೆದು ಪೇಪರಿನಲ್ಲಿ ಸುತ್ತಿ ಕೈಗಿಟ್ಟೆ.

"ಬರೋ ಶುಕ್ರವಾರ ತಂದ್ಕೊಡವ್ವ. ಒಂದ್ ಹಾಳೆ ಮಡಚಬಾರ್ದು."

ಹದಿನಾಲ್ಕು ವರ್ಷ ಹೀಗೇ ನಡೆಯಿತು. ಯಜಮಾನರು ಚಿಕ್ಕಹನುಮಯ್ಯನವರಿಗೆ ಗೊತ್ತಿತ್ತು, ಗೊತ್ತಿಲ್ಲದವರಂತೆ ಇದ್ದರು. ನಡುವೆ ಅವಳಿಗೆ ಮದುವೆಯಾಯಿತು, ಎರಡೇ ವರ್ಷಕ್ಕೆ ಮುರಿಯಿತು, ತಿರುಗಿ ಅಪ್ಪನ ಬೇಸಿನ್ನಿಗೇ ಬಂದಳು. ಪುಸ್ತಕ ಮಾತ್ರ ಬಿಡಲಿಲ್ಲ.

ಆಮೇಲೆ ಬರೆಯಲು ಶುರುಮಾಡಿದಳು. ಮೊದಲ ನೋಟ್‌ಬುಕ್ಕನ್ನು ಹುಸೇನ್ ಭಾಯಿ ಬೇಸಿನ್ ಕೆಳಗಿನ ಒಲೆಗೆ ಹಾಕಿದರು. ಕೆಟ್ಟ ಮನುಷ್ಯರಲ್ಲ. ಕಥೆ ಬರೆಯುವವರು ಬೇರೆ ಜನ, ನಮ್ಮ ಹೆಸರನ್ನು ಅವರ ಹೆಸರಿನ ಪಕ್ಕ ಯಾರೂ ಇಡುವುದಿಲ್ಲ, ಸುಮ್ಮನೆ ಆಸೆಪಟ್ಟು ಅಳಬೇಡ ಅಂದರಂತೆ. ಅವಳು ಬಂದು ಹೇಳಿದಾಗ ನನಗೆ ಸಿಟ್ಟು ನೆತ್ತಿಗೇರಿತು.

"ನೀನು ಬರಿ. ಅದೆಂಗೆ ಇಡಲ್ಲ, ನಾನೂ ನೋಡ್ತೀನಿ. ಪುಸ್ತಕ ಆಗ್ಲಿ, ನಮ್ಮಂಗಡೀಲಿ ಕಾದಂಬರಿ ಕಪಾಟಲ್ಲೇ ಮಡಗ್ತೀನಿ. ನಿಮ್ಮಪ್ಪನ್ನ ಕರ್ಕೊಂಬಂದು ತೋರ್ಸು" ಅಂದೆ.

ಆ ಮಾತು ಕೊಟ್ಟವಳು ನಾನು. ಅದೊಂದನ್ನು ನೆನಪಿಟ್ಟುಕೊಳ್ಳಿ.

ಅವಳು ಮೊದಲಿಂದ ಮತ್ತೆ ಬರೆದಳು. ಚನ್ನಪಟ್ಟಣದ ಸಣ್ಣ ಪ್ರಕಾಶಕರೊಬ್ಬರು ಅಚ್ಚು ಹಾಕಿಸಿದರು. ಹೆಸರು 'ನಾಲ್ಕನೇ ಜ್ವರ'. ಆ ಹೆಸರೂ ನನ್ನ ಬಾಯಿಂದ ಹೋದದ್ದೇ. ರೇಷ್ಮೆ ಹುಳ ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನುವುದು ನಿಲ್ಲಿಸಿ, ತಲೆಯೆತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ಹುಳ ಜ್ವರಕ್ಕೆ ಕೂತಿದೆ ಅನ್ನುತ್ತೇವೆ. ಕಾಯಿಲೆಯಲ್ಲ ಅದು. ನಾಲ್ಕು ಸಲ ಕೂತು, ನಾಲ್ಕನೇ ಜ್ವರ ಎದ್ದ ಮೇಲೆ ಹೊಟ್ಟೆಬಿರಿಯ ತಿಂದು ಗೂಡು ಕಟ್ಟುತ್ತದೆ. ಗೂಡು ಬೇಯಿಸುವ ರಹೀಮಾಗೆ ಗೂಡಿಗೆ ಮುಂಚಿನ ಬದುಕು ತಿಳಿದಿರಲಿಲ್ಲ, ಕೇಳಿದಳು, ಹೇಳಿದ್ದೆ. ಅವಳ ಕಾದಂಬರಿಯ ಹುಡುಗಿಗೂ ನಾಲ್ಕು ಸಲ ಬದುಕು ನಿಂತುಹೋಗುತ್ತದೆ, ನಾಲ್ಕು ಸಲವೂ ಏಳುತ್ತಾಳೆ. ಓದುವಾಗ ನಾನು ಬಸ್ಸಿನಲ್ಲಿ ನಮ್ಮೂರ ಸ್ಟಾಪು ದಾಟಿ ಮುಂದಕ್ಕೆ ಹೋಗಿಬಿಟ್ಟಿದ್ದೆ.

ಅಂಗಡಿಗೆ ಹನ್ನೆರಡು ಪ್ರತಿ ಬಂದವು. ಕಾದಂಬರಿ ಕಪಾಟಿನಲ್ಲಿ ಕಣ್ಣಿನ ಮಟ್ಟಕ್ಕೆ, ಮುಖಪುಟ ಕಾಣುವಂತೆ ನಾನೇ ಇಟ್ಟೆ. ಆ ವಾರವೇ ಮಗಳ ಬಾಣಂತನಕ್ಕೆಂದು ಕನಕಪುರಕ್ಕೆ ಹೋದೆ. ತಿರುಗಿ ಬರುವಷ್ಟರಲ್ಲಿ ನಲವತ್ತೈದು ದಿನವಾಗಿತ್ತು.

ಆ ನಲವತ್ತೈದು ದಿನದಲ್ಲಿ ಯಜಮಾನರು ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಮನೆ ಸೇರಿದ್ದರು. ಗಲ್ಲಾದಲ್ಲಿ ಮಗ ಪ್ರಕಾಶ್ ಕೂತಿದ್ದ. ಬೆಂಗಳೂರಿನ ಹಾಸ್ಟೆಲಿನಲ್ಲಿ ಬೆಳೆದ ಹುಡುಗ, ಒಳ್ಳೆಯವನೇ. ಎಲ್ಲ ಕಪಾಟು ಬಿಚ್ಚಿ, ಕಂಪ್ಯೂಟರಿಗೆ ಹಾಕಿ, ಪ್ರತಿ ಪುಸ್ತಕದ ಬೆನ್ನಿಗೂ ಒಂದೊಂದು ಲೇಬಲ್ ಅಂಟಿಸಿದ್ದ. ನಾವು ಆರು ಭಾಗ ಮಾಡಿಕೊಂಡಿದ್ದ ಅಂಗಡಿಯಲ್ಲಿ ಈಗ ಇಪ್ಪತ್ತೇಳು ಭಾಗ. ಒಂದೊಂದು ಕಪಾಟಿಗೂ ಒಂದು ಸೂಚನೆ ಬೇರೆ: 'ತೆಗೆದ ಪುಸ್ತಕವನ್ನು ತೆಗೆದ ಜಾಗದಲ್ಲೇ ಇಡಿ.'

ನಾನು ಬಂದದ್ದು ಗುರುವಾರ. ಮಾರನೇ ದಿನ ನಮಾಜ್ ಮುಗಿಸಿಕೊಂಡು ಅಬ್ಬಾನನ್ನು ಕರೆದುಕೊಂಡು ಬರುತ್ತೇನೆ ಅಂತ ರಹೀಮಾ ಫೋನ್ ಮಾಡಿದ್ದಳು. "ಅಬ್ಬಾ ಒಪ್ಪವ್ರೆ ಅಕ್ಕ. ಕಣ್ಣಾರೆ ನೋಡ್ತೀನಿ, ನೀ ಹೇಳ್ದಂಗೆ ಇದ್ರೆ ಇನ್ನೊಂದು ಬರಿ, ನಾನು ಅಡ್ಡ ಬರಲ್ಲ ಅಂದವ್ರೆ. ಇಲ್ದಿದ್ರೆ ಇದೇ ಕೊನೆ ಅಂತೆ." ಆ ಖುಷಿಯಲ್ಲಿ ಚೀಲ ಇಡುವುದಕ್ಕೂ ಮುಂಚೆ ಕಾದಂಬರಿ ಕಪಾಟಿನ ಮುಂದೆ ನಿಂತೆ. ಪುಸ್ತಕ ಇರಲಿಲ್ಲ. ಮಾರಾಟವಾಗಿದೆ ಅಂದುಕೊಂಡು ಇನ್ನೂ ಹಿಗ್ಗಿದೆ, ನನ್ನ ಬುದ್ಧಿಗಿಷ್ಟು. ಆಮೇಲೆ ಧೂಳು ಹೊಡೆಯುತ್ತ ಆರೋಗ್ಯದ ಕಪಾಟಿಗೆ ಬಂದರೆ ಅಲ್ಲಿವೆ ಹನ್ನೆರಡೂ.

"ಪ್ರಕಾಶಪ್ಪ, ಇದ್ನ ಯಾರು ಇಲ್ಲಿ ಮಡಗಿದ್ದು?"

ಅವನು ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ. "ಜ್ವರ ಅಂತ ಇದೆಯಲ್ಲಕ್ಕ."

"ಒಂದ್ ಹಾಳೆ ತಿರುವಿ ನೋಡಿದ್ರಾ?"

"ನಾಲ್ಕು ಸಾವಿರ ಪುಸ್ತಕ ಇದೆ. ಎಲ್ಲ ತಿರುವೋಕಾಗುತ್ತಾ? ಅದು ಒಂದು ಹೋಗಿ ವಾಪಸ್ ಬೇರೆ ಬಂತು. ತಿಮ್ಮೇಶ್ ಅಂತ ಯಾರೋ, ಬೆಂಗಳೂರಿಂದ ಬಂದು ಇಲ್ಲಿ ಮನೆ ಮಾಡಿರೋರು. ಹೆಂಡತಿಗೆ ಜ್ವರ ಬಿಟ್ಟು ಬಿಟ್ಟು ಬರ್ತಿತ್ತಂತೆ. ಒಂದು ಕಷಾಯಾನೂ ಬರೆದಿಲ್ಲ ಇದರಲ್ಲಿ ಅಂತ ಜಗಳ ಮಾಡಿ ಕೊಟ್ಟುಹೋದರು."

ನಗು ಬರಬೇಕಾದ ಜಾಗ ಅದು. ನನಗೆ ಬರಲಿಲ್ಲ. ರೇಷ್ಮೆ ಊರಲ್ಲಿ ಹುಟ್ಟಿದವನಿಗೆ ಹುಳದ ಜ್ವರ ಏನೆಂದು ನಿಂತುಕೊಂಡು ವಿವರಿಸಬೇಕಾಯಿತು. ಕೇಳಿಸಿಕೊಂಡ. "ಓ, ಹುಳದ್ದಾ" ಅಂದು ಏನೋ ಒತ್ತಿದ. ಪಕ್ಕದ ಮಿಷನ್ನಿನಿಂದ ಲೇಬಲ್ ಹೊರಗೆ ಬಂತು: 'ಕೃಷಿ, ರೇಷ್ಮೆ'.

"ಕಾದಂಬರಿ ಕಣಪ್ಪ ಅದು. ಮುಖದ ಮೇಲೇ ಬರ್ದೈತೆ, ಕಾದಂಬರಿ ಅಂತ."

ಆಗ ಮೊದಲ ಸಲ ಪುಸ್ತಕವನ್ನು ಕೈಗೆ ತೆಗೆದುಕೊಂಡ. ಬರೆದವರ ಹೆಸರು ಓದಿದ. ಅವನ ಮುಖ ಸಮಾಧಾನವಾಯಿತು.

"ಇವರದಾ? ಮೊದಲೇ ಹೇಳಬಾರದಾ ಅಕ್ಕ. ಇವರಿಗೆ ಬೇರೆ ಸೆಕ್ಷನ್ನೇ ಇದೆ." ಇನ್ನೊಂದು ಲೇಬಲ್ ಬಂತು: 'ಮುಸ್ಲಿಂ'. ಸಾಹಿತ್ಯ ಅನ್ನುವ ಪದಕ್ಕೆ ಅಂಟುಚೀಟಿಯಲ್ಲಿ ಜಾಗ ಸಾಲಲಿಲ್ಲವಂತೆ.

ನನಗೆ ಮರ್ಯಾದೆಯ ಮಾತು ಮರೆತುಹೋಯಿತು. "ಬರ್ದೋರು ಯಾವ ಜನ ಅಂತ ನೋಡಿ ಕಪಾಟು ಮಾಡಿದ್ದೀಯ?"

"ದೊಡ್ಡ ಅಂಗಡಿಗಳಲ್ಲೂ ಹೀಗೇ ಅಕ್ಕ. ದಲಿತ ಸಾಹಿತ್ಯ ಅಂತ ಇದೆ, ಮಹಿಳಾ ಸಾಹಿತ್ಯ ಅಂತ ಇದೆ. ಹುಡುಕೋರಿಗೆ ಸುಲಭ."

"ನಮ್ಮೋರು, ನಿಮ್ಮೋರು ಬರ್ದಿರೋದು? ಅದ್ರ ಕಪಾಟು ಯಾವ್ದು?"

ಅವನು ನಿಜವಾಗಿಯೂ ಯೋಚನೆ ಮಾಡಿದ. ಒಳ್ಳೆಯ ಹುಡುಗ ಅಂದೆನಲ್ಲ. ತಲೆ ಕೆರೆದುಕೊಂಡು, "ಅದು ಬರೀ ಕಾದಂಬರಿ ಅಲ್ವಾ ಅಕ್ಕ" ಅಂದ.

ಬರೀ ಕಾದಂಬರಿ. ಹೋಗಿ ನೋಡಿದೆ. ಹೆಂಗಸರು ಬರೆದ ಕಾದಂಬರಿಗಳೆಲ್ಲ ರಂಗೋಲಿ, ಉಪ್ಪಿನಕಾಯಿ ಪುಸ್ತಕಗಳ ಪಕ್ಕಕ್ಕೆ ಹೋಗಿದ್ದವು. ಹೆಂಗಸಿನ ಗೋಳನ್ನು ಗಂಡಸು ಬರೆದರೆ ಕಾದಂಬರಿ, ಹೆಂಗಸು ಬರೆದರೆ ಉಪ್ಪಿನಕಾಯಿ ಪಕ್ಕದ ಸಾಮಾನು. ನಾನು ಎರಡು ಸಲ ಓದಿದ ಕಪಾಟು ಅರ್ಧ ಖಾಲಿಯಾಗಿ, ಆ ಜಾಗದಲ್ಲಿ ಪ್ಲಾಸ್ಟಿಕ್ ಹೂವಿನ ಕುಂಡ ಇತ್ತು. ಇಪ್ಪತ್ತೆರಡು ವರ್ಷ ಈ ಅಂಗಡಿಯಲ್ಲಿ ನಾನು ಯಾರ ಮೇಲೂ ದನಿ ಎತ್ತಿರಲಿಲ್ಲ. ಆವತ್ತು ಎತ್ತಿದೆ. ಅವನ ಅಪ್ಪ ಹೇಗೆ ಅಂಗಡಿ ಕಟ್ಟಿದರು, ಬರೆದವರ ಹೆಸರಿನ ಅಕ್ಷರವೊಂದನ್ನು ಬಿಟ್ಟು ಬೇರೇನನ್ನೂ ಕೇಳದೆ ಹೇಗೆ ಜೋಡಿಸಿದೆವು, ಎಲ್ಲ ಹೇಳಿದೆ. "ಸಿಸ್ಟಮ್‌ನಲ್ಲಿ ಹಾಗೆ ಬರಲ್ಲ ಅಕ್ಕ" ಅನ್ನುವುದೊಂದೇ ಅವನ ಉತ್ತರ. ಹನ್ನೆರಡು ಪುಸ್ತಕವನ್ನೂ ಎತ್ತಿ ಅವನ ಕಣ್ಣೆದುರೇ ಕಾದಂಬರಿ ಕಪಾಟಿನಲ್ಲಿಟ್ಟು ಬಸ್ಸು ಹತ್ತಿದೆ.

ಶುಕ್ರವಾರ ಮಧ್ಯಾಹ್ನ ಅವನು ನನ್ನನ್ನು ಪಾರ್ಸೆಲ್ ಬಿಡಿಸಿಕೊಂಡು ಬರಲು ಕಳಿಸಿದ. ಬೇಕೆಂದೇ ಕಳಿಸಿದನೋ, ಕೆಲಸವಿತ್ತೋ, ದೇವರಿಗೆ ಗೊತ್ತು. ಬಂಡಲ್ ಹೊತ್ತುಕೊಂಡು ಬರುವಷ್ಟರಲ್ಲಿ ಅಪ್ಪ ಮಗಳು ಬಂದಾಗಿತ್ತು.

ಹುಸೇನ್ ಭಾಯಿ ಕಾದಂಬರಿ ಕಪಾಟಿನ ಮುಂದೆ ನಿಂತಿದ್ದರು. ಒಗೆದ ಬಿಳಿ ಜುಬ್ಬಾ, ಹೆಗಲ ಮೇಲೆ ಟವೆಲು. ಮಾರ್ಕೆಟ್ಟಿನ ಚೀಟಿ ಓದಿ ಓದಿ ಕಲಿತ ಕನ್ನಡ ಅವರದು. ನಲವತ್ತು ವರ್ಷ ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕಿದ ಬೆರಳನ್ನು ಪುಸ್ತಕದ ಬೆನ್ನುಗಳ ಮೇಲೆ ಒಂದೊಂದಾಗಿ ಇಡುತ್ತ, ತುಟಿ ಅಲ್ಲಾಡಿಸುತ್ತ ಅಕ್ಷರ ಕೂಡಿಸುತ್ತಿದ್ದರು. ಪಕ್ಕದಲ್ಲಿ ರಹೀಮಾ. ಪುಸ್ತಕ ಅಲ್ಲಿಲ್ಲ ಅಂತ ಅವಳಿಗೆ ಆಗಲೇ ತಿಳಿದಿತ್ತು. ನನ್ನನ್ನು ನೋಡಿದವಳು ಮುಖ ತಿರುಗಿಸಿದಳು.

ಪ್ರಕಾಶ್ ಎದ್ದು ಬಂದ. ಅವರು ಏನು ಬೇಕು ಅಂತ ಬಾಯಿ ಬಿಟ್ಟಿರಲಿಲ್ಲ. ಗಡ್ಡ, ಟೋಪಿ ನೋಡಿದ, ಅಷ್ಟೇ. ಬಲು ಮರ್ಯಾದೆಯಿಂದಲೇ ಹೇಳಿದ: "ಸಾಬ್ರೇ, ನಿಮ್ಮ ಪುಸ್ತಕ ಇಲ್ಲಿಲ್ಲ. ಅಲ್ಲಿ ಮೂಲೇಲಿ, ಕೆಳಗಡೆ."

ಹುಸೇನ್ ಭಾಯಿ ಬೆರಳು ತೆಗೆದರು. ಮೂಲೆಗೆ ಹೋಗಿ, ಮಂಡಿ ಹಿಡಿದುಕೊಂಡು ನೆಲದಲ್ಲಿ ಕೂತರು. ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ, ನೆಲಕ್ಕೆ ನಾಲ್ಕು ಬೆರಳು ಎತ್ತರದಲ್ಲಿ ಮಗಳ ಪುಸ್ತಕ ಇತ್ತು, ಹನ್ನೆರಡು ಪ್ರತಿ, ಬೆನ್ನಿಗೆ 'ಮುಸ್ಲಿಂ' ಲೇಬಲ್ ಅಂಟಿಸಿಕೊಂಡು. ನಾನು ಪಾರ್ಸೆಲ್ಲಿಗೆ ಹೋದಾಗ ಪ್ರಕಾಶ್ ಸಾಗಿಸಿದ್ದ. ಅವರು ಅದನ್ನು ಮುಟ್ಟಲಿಲ್ಲ. ಅದರ ಪಕ್ಕದಲ್ಲಿದ್ದ ನಮಾಜಿನ ಪುಸ್ತಕಗಳನ್ನು ಒಂದೊಂದಾಗಿ ಹೊರಗೆ ತೆಗೆದರು. ಟವೆಲಿನಿಂದ ಧೂಳು ಒರೆಸಿ, ತುಟಿಗೆ ಮುಟ್ಟಿಸಿ, ಕಣ್ಣಿಗೊತ್ತಿಕೊಂಡು ತೊಡೆಯ ಮೇಲೆ ಇಟ್ಟುಕೊಂಡರು.

"ಅಲ್ಲಾನ ಮಾತು ಇರೋ ಕಿತಾಬು ಇದು. ಕಾಲ್ ಹತ್ರ ಯಾರಮ್ಮ ಇಟ್ಟಿದ್ದು?" ಅಂತ ನನ್ನನ್ನೇ ಕೇಳಿದರು.

ಬಾಯಿ ತೆರೆದೆ, ಪ್ರಕಾಶನ ಕಡೆ ಕೈ ತೋರಿಸಲು. ಅವನು ನನಗಿಂತ ಮುಂಚೆ ಹೇಳಿದ: "ಅದನ್ನ ನಾನು ಮುಟ್ಟಿಲ್ಲ ಸಾಬ್ರೇ. ಮೊದಲಿಂದಲೂ ಅಲ್ಲೇ ಇತ್ತು."

ನಿಜ. ಮೊದಲಿಂದಲೂ ಅಲ್ಲೇ ಇತ್ತು. ಇಟ್ಟವಳು ನಾನು. ನಮ್ಮ ದೇವರ ಸ್ತೋತ್ರ, ವ್ರತದ ಪುಸ್ತಕಗಳಿಗೆ ಮೇಲಿನ ಸಾಲು, ಬೆಳಿಗ್ಗೆ ಊದುಬತ್ತಿ. ಇವಕ್ಕೆ ಗಿರಾಕಿ ಕಡಿಮೆ ಅಂತ ನೆಲದ ಸಾಲು. ಪುಸ್ತಕಕ್ಕೆ ಕಾಲು ತಗುಲಿಸಿದ ಮಕ್ಕಳಿಗೆ, ಸರಸ್ವತಿ ಕಣ್ಲಾ, ಕಣ್ಣಿಗೊತ್ತಿಕೊ ಅಂತ ಗದರಿಸಿದವಳು, ಇಪ್ಪತ್ತೆರಡು ವರ್ಷ ದಿನಾ ಸಂಜೆ ಆ ಸಾಲಿನ ಬುಡಕ್ಕೆ ಪೊರಕೆ ಆಡಿಸಿದ್ದೇನೆ. ಒಂದು ದಿನವೂ ನನಗೆ ಹೊಳೆಯಲಿಲ್ಲ. ನಿನ್ನೆಯೆಲ್ಲ ಆ ಹುಡುಗನ ಮೇಲೆ ಕೂಗಾಡಿದವಳು ಹೊತ್ತ ಬಂಡಲ್ ಕೆಳಗಿಟ್ಟೆ.

"ನಾನೇ ಹುಸೇನ್ ಭಾಯಿ" ಅಂದೆ. "ನಾನೇ ಮಡಗಿದ್ದು. ತಪ್ಪಾಯ್ತು."

ಅವರು ತಲೆಯಾಡಿಸಿದರು. ಆಮೇಲೆ ಮಗಳ ಪುಸ್ತಕ ಒಂದನ್ನು ಎಳೆದು, ಬೆನ್ನಿನ ಲೇಬಲ್ ಓದಿ, ಪ್ರಕಾಶನ ಕಡೆ ಹಿಡಿದರು.

"ಇದು ಕಥೆ. ಇದ್ರಲ್ಲಿ ಹುಡುಗಿ ಅಪ್ಪನ ಹತ್ರ ಸುಳ್ಳು ಹೇಳ್ತಾಳೆ, ಸಿನಿಮಾಕ್ಕೆ ಹೋಗ್ತಾಳೆ, ಗಂಡನ್ನ ಬೈತಾಳೆ. ನಾನು ಒಸಿ ಒಸಿ ಓದೀನಿ. ದೀನಿನ ಕಿತಾಬು, ಧರ್ಮದ್ದು, ಅದ್ರ ಜೊತೆ ಇದನ್ನ ಇಡಬಾರ್ದು. ಕಥೆ ಜಾಗ ಕಥೆ ಹತ್ರ. ಅಷ್ಟೂ ಗೊತ್ತಾಗಲ್ವಾ ಬುಕ್ ಅಂಗಡಿ ಇಟ್ಕಂಡು?"

ಓದಿದ್ದಾರೆ ಅನ್ನುವುದು ರಹೀಮಾಗೇ ಗೊತ್ತಿರಲಿಲ್ಲ. ಅವಳು ಅಪ್ಪನನ್ನು ನೋಡಿದ ಕಣ್ಣು ತೆಗೆಯಲಿಲ್ಲ.

"ಸಿಸ್ಟಮ್‌ನಲ್ಲಿ ಹಾಗಿದೆ ಸಾಬ್ರೇ" ಅಂದ ಪ್ರಕಾಶ್.

ಹುಸೇನ್ ಭಾಯಿ ಮಗಳ ಕಡೆ ತಿರುಗಿದರು. "ಹೇಳಿದ್ನಲ್ಲ, ಬೇಟಿ" ಅಂದರು. ಗೆದ್ದವರ ದನಿಯಲ್ಲ ಅದು. ತಾವು ಹೇಳಿದ್ದು ಸುಳ್ಳಾಗಲಿ ಅಂತ ಆಸೆಪಟ್ಟು ಬಂದಿದ್ದರು, ಮುಖ ನೋಡಿದರೆ ತಿಳಿಯುತ್ತಿತ್ತು.

ರಹೀಮಾ ನನ್ನ ಹತ್ತಿರ ಬಂದಳು. "ನೀವು ನಂಗೆ ಓದೋಕೆ ಕೊಡ್ತಿದ್ದ ಪುಸ್ತಕ ಯಾವ ಕಪಾಟಿಂದ ತೆಗೀತಿದ್ರಿ ಅಕ್ಕ?"

"ಅದೇ. ಕಾದಂಬರೀದು."

"ಅದ್ನೇ ಓದ್ದೆ, ಅದ್ನೇ ಬರ್ದೆ. ನಂಗೆ ಎದುರಿಗೆ ಬೇಡ, ಕಣ್ಮುಂದೆ ಬೇಡ. ರ ಎಲ್ಲಿ ಬತ್ತದೋ ಅಲ್ಲಿ ಇಡಿ, ಸಾಕು. ಆಗಲ್ಲಾಂದ್ರೆ ಹನ್ನೆರಡೂ ಕೊಟ್ಬುಡಿ, ತಗೊಂಡೋಗ್ತೀನಿ. ಮನೇಲಿ ಒಲೆ ಐತೆ."

ಆ ಮಾತಿಗೆ ಹುಸೇನ್ ಭಾಯಿ ತಲೆ ತಗ್ಗಿಸಿದರು. ನನಗೆ ಇನ್ನು ತಡೆಯಲಾಗಲಿಲ್ಲ.

ಮೊದಲು ಅವರ ತೊಡೆಯ ಮೇಲಿನ ಪುಸ್ತಕಗಳಿಗೆ ಜಾಗ ಮಾಡಿದೆ. ಕೈ ತೊಳೆದು ಬಂದು, ಮೇಲಿನ ಸಾಲಿನ ಸ್ತೋತ್ರ, ವ್ರತಗಳನ್ನು ಒತ್ತರಿಸಿ, ಅರ್ಧ ಸಾಲು ಬಿಡಿಸಿ, ಅವರ ಕೈಯಿಂದಲೇ ಇಡಿಸಿದೆ. ಆಮೇಲೆ ನೆಲದಲ್ಲಿ ಕೂತು ರಹೀಮಾಳ ಪುಸ್ತಕಗಳ ಲೇಬಲ್ಲುಗಳನ್ನು ಉಗುರಿನಲ್ಲಿ ಕಿತ್ತೆ. ಕೆಲವು ಹರಿದು ಅರ್ಧ ಉಳಿದವು. ಕಾದಂಬರಿ ಕಪಾಟಿಗೆ ಹೋಗಿ ಯ ದಾಟಿ ಲ ಬರುವ ಮುಂಚೆ ಜಾಗ ಬಿಡಿಸಿದೆ. ಪ್ಲಾಸ್ಟಿಕ್ ಹೂವಿನ ಕುಂಡವನ್ನು ಪ್ರಕಾಶನ ಕೈಗೆ ಕೊಟ್ಟೆ.

"ಅಕ್ಕ, ಹೇಳ್ತಿದ್ದೀನಿ" ಅಂದ. ಅವನಿಗೂ ಸಿಟ್ಟು ಬಂದಿತ್ತು. "ಹೀಗೆ ನಿಮ್ಮಿಷ್ಟ ಬಂದ ಹಾಗೆ ಇಡೋದಾದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡಿ."

ಕಪಾಟಿಗೆ ಅಂಟಿಸಿದ್ದ ಅವನದೇ ಸೂಚನೆಯ ಮೇಲೆ ಬೆರಳಿಟ್ಟೆ. "ಓದು. ನೀನೇ ಅಂಟಿಸಿರೋದು."

ಅವನು ಓದಲಿಲ್ಲ. ನಾನೇ ಓದಿ ಹೇಳಿದೆ. "ತೆಗೆದ ಪುಸ್ತಕವನ್ನು ತೆಗೆದ ಜಾಗದಲ್ಲೇ ಇಡಿ. ಹದ್ನಾಲ್ಕು ವರ್ಷ ಈ ಹುಡ್ಗಿಗೆ ಈ ಕಪಾಟಿಂದ ತೆಗ್ದು ತೆಗ್ದು ಕೊಟ್ಟಿವ್ನಿ. ಅದ್ರಿಂದ್ಲೇ ಆಗಿರೋ ಪುಸ್ತಕ ಇದು. ತೆಗ್ದಿದ್ ಜಾಗದಲ್ಲೇ ಮಡಗ್ತಾ ಇವ್ನಿ. ಕೆಲಸಕ್ಕೆ ಬರ್ಬೇಡ ಅಂದ್ರೆ ಬರಲ್ಲ. ಗಿರಾಕಿಯಾಗಿ ಬತ್ತೀನಿ. ನೀನು ದಿನಾ ತೆಗ್ದು ಕೆಳಕ್ಕೆ ಹಾಕು, ನಾನು ದಿನಾ ಬಂದು ಎತ್ತಿ ಮಡಗ್ತೀನಿ. ಯಾರಿಗೆ ಸಾಕಾಗ್ತದೋ ನೋಡನ."

ಅವನು ಕುಂಡ ಹಿಡಿದುಕೊಂಡೇ ಹೋಗಿ ಗಲ್ಲಾದಲ್ಲಿ ಕೂತ.

ಹುಸೇನ್ ಭಾಯಿ ಕಪಾಟಿನ ಹತ್ತಿರ ಬಂದರು. ಬೆರಳನ್ನು ಮತ್ತೆ ಇಟ್ಟರು. ಎಡಗಡೆ ಇದ್ದ ಪುಸ್ತಕದ ಹೆಸರು ಕೂಡಿಸಿ ಓದಿದರು. ಮಗಳ ಹೆಸರು ಓದಿದರು. ಬಲಗಡೆಯವರದ್ದೂ ಓದಿದರು. ಮೂರನ್ನೂ ಇನ್ನೊಂದು ಸಲ, ಅದೇ ಕ್ರಮದಲ್ಲಿ. ಆಮೇಲೆ ಗಲ್ಲಾದ ಹತ್ತಿರ ಹೋಗಿ ಪ್ರಕಾಶನ ಮುಂದೆ ನಿಂತರು.

"ನೋಟ್‌ಬುಕ್ ಐತಾ? ದೊಡ್ಡದು. ಒಂದು ನಾನು ಸುಟ್ಟುಬುಟ್ಟಿದ್ದೆ" ಅಂದರು.

ರಹೀಮಾ ಕಪಾಟಿಗೆ ಮುಖ ಮಾಡಿ ನಿಂತು ಅತ್ತಳು. ನಾನು ಅಳಲಿಲ್ಲ. ಪೊರಕೆ ತೆಗೆದುಕೊಂಡು ಹೋಗಿ ಖಾಲಿಯಾದ ಆ ಕೆಳಗಿನ ಸಾಲನ್ನು ಗುಡಿಸಿದೆ. ಒಂದು ಮೊರ ಕಸ ಬಂತು, ಎಲ್ಲ ನನ್ನ ಕಾಲದ್ದೇ.